ಬೀನ್ಸ್ ಬಳ್ಳಿಗೊಂದು ಸರ್ಕಾರಿ ಗೂಟ

ನಗರಸಭೆಯ ಒಳಚರಂಡಿ ವಿಭಾಗದಲ್ಲಿ ಅಳತೆಕೋಲು ಹಿಡಿದು ನಿಲ್ಲುವುದು ಒಂದು ಉದ್ಯೋಗ. ಎಂಜಿನಿಯರ್ ಎಲ್ಲೋ ದೂರದಲ್ಲಿ ಮೂರು ಕಾಲಿನ ಮೇಲೆ ದುರ್ಬೀನು ಕೂರಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಇತ್ತ ಕಡೆ ಒಬ್ಬ ಮನುಷ್ಯ ತನಗಿಂತ ಎತ್ತರದ, ಮೈತುಂಬ ಅಂಕಿ ಬರೆದ ಕೋಲನ್ನು ನೆಟ್ಟಗೆ ಹಿಡಿದು ನಿಂತಿರುತ್ತಾನೆ. ಕೋಲು ವಾಲಬಾರದು, ಮನುಷ್ಯ ಸೀನಬಾರದು. ಕೆಲಸ ಇಷ್ಟೇ. ನಮ್ಮ ಕಥಾನಾಯಕ ಇದನ್ನು ಮದುವೆಗೂ ಮುಂಚಿನಿಂದ ಮಾಡಿಕೊಂಡು ಬಂದಿದ್ದ. ಕಚೇರಿಯಲ್ಲಿ ಅವನಿಗೆ ಕೋಲಣ್ಣ ಅಂತ ಹೆಸರು. ಮನೆಯ ಬೀದಿಯಲ್ಲಿ ಮಾತ್ರ ಅವನು ಸರ್ವೆ ಸಾಹೇಬರು. ಈ ಎರಡು ಹೆಸರುಗಳು ದಾರಿಯಲ್ಲಿ ಎದುರುಬದುರಾಗದಂತೆ ನೋಡಿಕೊಳ್ಳುವುದು ಅವನ ಎರಡನೇ ಉದ್ಯೋಗವಾಗಿತ್ತು. ಅದಕ್ಕೆ ಸಂಬಳವಿರಲಿಲ್ಲ.

ಆ ವರ್ಷ ಊರಿಗೆ ಕೊಳಚೆ ನೀರು ಶುದ್ಧೀಕರಣ ಘಟಕ ಮಂಜೂರಾಯಿತು. ಘಟಕ ಬೇಕೇ ಬೇಕೆಂದು ಊರಿನವರೆಲ್ಲ ಒಪ್ಪಿದರು. ಅದು ತಮ್ಮ ಮನೆಯಿಂದ ದೂರವಿರಬೇಕೆಂದೂ ಎಲ್ಲರೂ ಒಪ್ಪಿದರು. ಇಷ್ಟೊಂದು ಒಮ್ಮತ ಆ ಊರು ಹಿಂದೆಂದೂ ಕಂಡಿರಲಿಲ್ಲ. ಜಾಗ ಹುಡುಕುವ ಹೊಣೆ ಹೊಸದಾಗಿ ಬಂದಿದ್ದ ಎಂಜಿನಿಯರ್ ಮೇಡಂ ಪಾಲಿಗೆ ಬಂತು. ಹೊಳೆದಂಡೆ ಮಳೆಗಾಲದಲ್ಲಿ ಮುಳುಗುತ್ತದೆ ಎಂದು ಅವರು ಮೊದಲ ದಿನವೇ ಕೈಬಿಟ್ಟರು. ಉಳಿದದ್ದು ಎರಡು ಜಾಗ. ಊರಾಚೆಗೆ ಪಾಳು ಬಿದ್ದಿದ್ದ ಇಟ್ಟಿಗೆ ಭಟ್ಟಿಯ ಹಳ್ಳ ಒಂದು, ಊರಿನ ಕೊನೆಯ ಬೀದಿಯ ಹಿಂದಿದ್ದ ಬಯಲು ಇನ್ನೊಂದು. ಆ ಕೊನೆಯ ಬೀದಿಯ ಕೊನೆಯ ಮನೆಯ ಮಹಡಿಯಲ್ಲೇ ನಮ್ಮ ಸರ್ವೆ ಸಾಹೇಬರು ಬಾಡಿಗೆಗಿದ್ದದ್ದು.

"ನೀರು ಎತ್ತರಕ್ಕೆ ತಾನಾಗಿ ಹತ್ತಲ್ಲ. ಎರಡರಲ್ಲಿ ಯಾವುದು ತಗ್ಗು ಬರುತ್ತೋ ಅಲ್ಲಿಗೇ ಘಟಕ. ಇಲ್ಲದಿದ್ರೆ ದಿನಾ ಪಂಪ್ ಹಾಕಿ ಹಾಕಿ ನಗರಸಭೆ ದಿವಾಳಿ ಆಗುತ್ತೆ," ಎಂದು ಮೇಡಂ ವಿವರಿಸಿದರು. ಕೋಲಣ್ಣ ತಲೆಯಾಡಿಸಿದ. ಅವನು ಯಾರು ಏನು ವಿವರಿಸಿದರೂ ತಲೆಯಾಡಿಸುತ್ತಿದ್ದ, ಅದೊಂದು ಒಳ್ಳೆಯ ಅಭ್ಯಾಸ.

ಭಟ್ಟಿಯ ಹಳ್ಳ ಕೆಸರುಮಯ. ಕೆಸರಿನಲ್ಲಿ ಕೋಲಿಟ್ಟರೆ ಕೋಲು ಇಳಿಯುತ್ತಲೇ ಹೋಗುತ್ತದೆ, ಅಳತೆ ಕೆಡುತ್ತದೆ. ಅದಕ್ಕೆಂದೇ ಮೇಡಂ ಕೆಂಪು ತಲೆಯ, ನಂಬರು ಬರೆದ ಮರದ ಗೂಟಗಳ ಒಂದು ಕಟ್ಟನ್ನು ಅವನ ಕೈಗೆ ಕೊಟ್ಟಿದ್ದರು. ಮೆದು ನೆಲ ಸಿಕ್ಕ ಕಡೆ ಗೂಟವನ್ನು ನೆಲಮಟ್ಟಕ್ಕೆ ಬಡಿಯಬೇಕು, ಅದರ ತಲೆಯ ಮೇಲೆ ಕೋಲು ನಿಲ್ಲಿಸಬೇಕು. ಎಲ್ಲೆಲ್ಲಿ ಬೇಕಾಗುತ್ತದೆಂದು ನೋಡಿ ಅಷ್ಟೇ ಗೂಟ ಮಾಡಿಸಿದ್ದರು. ಆದರೆ ಕೋಲಣ್ಣನ ಹೆಂಡತಿ ಹಿತ್ತಲಿನಲ್ಲಿ ಬೀನ್ಸ್ ಬಳ್ಳಿ ಹಾಕಿ, ಅದಕ್ಕೊಂದು ಆಸರೆ ತಂದುಕೊಡಿ ಎಂದು ಬಹಳ ದಿನಗಳಿಂದ ಪ್ರಾಣ ತಿನ್ನುತ್ತಿದ್ದಳು. ಕಟ್ಟಿನಲ್ಲಿ ಒಂದು ಗೂಟ ಉಳಿದವುಗಳಿಗಿಂತ ಉದ್ದವಾಗಿ, ನೆಟ್ಟಗೆ, ಒಳ್ಳೆ ಮನೆತನದ ಗೂಟದಂತೆ ಕಾಣುತ್ತಿತ್ತು. ಬೆಳಿಗ್ಗೆಯೇ ಅದು ಅವನ ಸೈಕಲ್ಲಿನ ಚೀಲ ಸೇರಿತು. ಇದನ್ನು ಕಳ್ಳತನ ಅನ್ನುವುದು ತಪ್ಪಾಗುತ್ತದೆ. ಸರ್ಕಾರಿ ಕೆಲಸದಲ್ಲಿರುವವರು ಇದನ್ನು ಉಳಿತಾಯ ಅನ್ನುತ್ತಾರೆ.

ಊಟ ಮುಗಿಸಿ ಹಳ್ಳದ ನಟ್ಟನಡುವೆ ಇಳಿಯುವ ಹೊತ್ತಿಗೆ ಕಟ್ಟು ಖಾಲಿಯಾಗಿತ್ತು. ಸೈಕಲ್ಲು ಅಲ್ಲೆಲ್ಲೋ ರಸ್ತೆಯ ಬದಿಗಿತ್ತು. ಕೆಸರು ಮೊಣಕಾಲಿಗೆ ಬರುತ್ತಿತ್ತು. ಕೋಲು ಬಿಟ್ಟರೆ ಕೈಯಲ್ಲಿ ಖಾಲಿ ಊಟದ ಕ್ಯಾರಿಯರ್ ಮಾತ್ರ ಇತ್ತು, ಸ್ಟೀಲಿನದು, ಮೂರು ಅಂತಸ್ತಿನದು, ಹೆಂಡತಿಯ ತವರಿನಿಂದ ಬಂದದ್ದು. ಕೋಲಣ್ಣ ಅದನ್ನು ತಲೆಕೆಳಗಾಗಿ ಕೆಸರಿಗೆ ಒತ್ತಿದ. ಹಿಡಿ ಹೂತುಕೊಂಡು ಕ್ಯಾರಿಯರ್ ಅಲುಗಾಡದೆ ಕೂತಿತು. ಅದರ ತಳದ ಮೇಲೆ ಕೋಲನ್ನು ಇಟ್ಟು, ಎದೆ ಸೆಟೆಸಿ ನಿಂತ. ಸುತ್ತ ಎದೆಮಟ್ಟ ಬೆಳೆದ ಜೊಂಡು ಎಲ್ಲವನ್ನೂ ಮರೆಮಾಡಿತ್ತು.

"ಕೋಲಣ್ಣಾ, ನೆಟ್ಟಗಿದೆಯಾ?" ಎಂದು ದಡದ ಮೇಲಿಂದ ಮೇಡಂ ಕೂಗಿದರು.

"ನೆಟ್ಟಗಿದೆ ಮೇಡಂ!"

"ಗೂಟ ಹೊಡ್ದಿದೀರಾ?"

"ಗಟ್ಟಿಯಾಗಿ ಕೂತಿದೆ ಮೇಡಂ!"

ಮೇಡಂ ಒಂದು ಕಣ್ಣು ಮುಚ್ಚಿ, ಅಂಕಿ ಓದಿಕೊಂಡು, ಕೈಬೀಸಿದರು. ಸಂಜೆ ಹೆಂಡತಿ ಕ್ಯಾರಿಯರ್ ತೊಳೆಯಲು ಹೋಗಿ ಹೌಹಾರಿದಳು.

"ರೀ, ಮುಚ್ಚಳದ ಒಳಗೆ ಕೆಸರು ಹೇಗ್ರೀ ಬಂತು? ತಳ ನೋಡಿ, ಚೌಕಾಕಾರಕ್ಕೆ ತಗ್ಗು ಬಿದ್ದಿದೆ! ಊಟ ಮಾಡಿದ್ರೋ, ಕುಸ್ತಿ ಆಡಿದ್ರೋ?"

"ಫೀಲ್ಡ್ ಕೆಲಸ ಅಂದ್ರೆ ಹಾಗೇ ಕಣೇ. ತಗೋ, ನಿನ್ನ ಬಳ್ಳಿಗೆ ಗೂಟ," ಅಂದ.

ಗೂಟ ನೋಡಿ ಅವಳು ಕ್ಯಾರಿಯರನ್ನು ಅರ್ಧ ಮರೆತಳು. ಪೂರ್ತಿ ಮರೆಯುವ ಪೈಕಿ ಅವಳಲ್ಲ.

*

ಆ ಭಾನುವಾರ ಅತ್ತೆಯ ಮನೆಯಲ್ಲಿ ಊಟವಿತ್ತು. ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಗಂಡ, ಅಂದರೆ ನಮ್ಮವನ ಷಡ್ಡಕ, ಟೈಲ್ಸ್ ಅಂಗಡಿ ಇಟ್ಟಿದ್ದ. ಅವನು ಯಾವ ಮನೆಗೆ ಹೋದರೂ ಮೊದಲು ನೆಲ ನೋಡಿ, ಆಮೇಲೆ ಮನುಷ್ಯರನ್ನು ನೋಡುತ್ತಿದ್ದ. ಅವತ್ತು ಊಟಕ್ಕೆ ಕೂತ ಕ್ಷಣದಿಂದ ತಾನು ಯಾವ ಆಸ್ಪತ್ರೆಗೆ ಟೈಲ್ಸ್ ಹಾಕಿಸಿದೆ, ಯಾವ ಅಧಿಕಾರಿ ತನ್ನ ಹೆಗಲ ಮೇಲೆ ಕೈಯಿಟ್ಟರು ಎಂದು ಹೇಳುತ್ತಲೇ ಇದ್ದ. ಅತ್ತೆ ಅವನ ತಟ್ಟೆಗೆ ಎರಡನೇ ಸಲ ಬಡಿಸಿ ಆಯಿತು, ಮೂರನೇ ಸಲ ಬಡಿಸಿ ಆಯಿತು. ಕಿರಿಯ ಅಳಿಯನ ತಟ್ಟೆ ಖಾಲಿಯಾಗಿ ಒಣಗುತ್ತಿತ್ತು.

ಕೊನೆಗೆ ಅತ್ತೆಗೇ ಕನಿಕರ ಬಂತು. "ನಿಮ್ಮ ಆಫೀಸಲ್ಲಿ ಏನು ನಡೀತಿದೆ ಅಳಿಯಂದ್ರೇ?"

ಆಗ ಅವನ ಬಾಯಿಂದ ಆ ಮಾತು ಹೊರಬಿತ್ತು. "ಅದೇ ಅತ್ತೆ, ಕೊಳಚೆ ನೀರಿನ ಘಟಕ. ಊರಲ್ಲಿ ಎಲ್ಲಿಗೆ ಬರಬೇಕು ಅಂತ ತೀರ್ಮಾನ ಮಾಡೋ ಜವಾಬ್ದಾರಿ ನನ್ನ ತಲೆ ಮೇಲೆ ಬಿದ್ದಿದೆ."

ಷಡ್ಡಕನ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. "ನಿನ್ನ ತಲೆ ಮೇಲೆ?"

"ಇನ್ಯಾರ ಮೇಲೆ ಬೀಳುತ್ತೆ ಅಣ್ಣಾ? ಮೇಡಂ ಹೊಸಬರು. ಜಾಗಕ್ಕೆ ಇಳಿದು ನಿಲ್ಲೋನು ನಾನು."

ಹೆಂಡತಿ ಗಂಡನನ್ನು ಓರೆಗಣ್ಣಿನಿಂದ ನೋಡಿದಳು. ಅತ್ತೆ ಸೌಟು ಹಿಡಿದು ಈ ಕಡೆಗೆ ತಿರುಗಿದರು. ಕಿರಿಯ ಅಳಿಯನ ತಟ್ಟೆಗೆ ಆ ದಿನ ಬಿದ್ದಷ್ಟು ಊಟ ಮದುವೆಯಾದ ವರ್ಷವೂ ಬಿದ್ದಿರಲಿಲ್ಲ.

ಕೈತೊಳೆಯುವಾಗ ಷಡ್ಡಕ ಹತ್ತಿರ ಬಂದು ದನಿ ತಗ್ಗಿಸಿದ. "ಗೋಡೌನಿಗೆ ಜಾಗ ನೋಡ್ತಿದೀನಪ್ಪಾ. ಆ ಇಟ್ಟಿಗೆ ಭಟ್ಟಿ ಹಳ್ಳ ಅಗ್ಗಕ್ಕೆ ಸಿಗುತ್ತೆ, ಮಣ್ಣು ತುಂಬಿಸ್ಕೊಂಡ್ರೆ ಆಯ್ತು. ಅಲ್ಲಿಗೇನಾದ್ರೂ ಬರುತ್ತಾ ನಿಮ್ಮ ಘಟಕ?"

ನಮ್ಮವನಿಗೆ ಏನು ಗೊತ್ತಿತ್ತು? ಏನೂ ಇಲ್ಲ. ಆದರೆ ತೀರ್ಮಾನ ಮಾಡುವವನು ಗೊತ್ತಿಲ್ಲ ಅನ್ನಲಾದೀತೇ? ಅದೂ ಷಡ್ಡಕನ ಮುಂದೆ? "ಅಲ್ಲಿಗಾ? ಛೆ, ಬರಲ್ಲ ಬಿಡಿ. ನಾನೇ ಇಳಿದು ನೋಡಿದೀನಲ್ಲ," ಎಂದು ಕೈ ಒರೆಸಿಕೊಂಡ.

*

ಅತ್ತೆಗೆ ಹೇಳಿದ ಮಾತು ಎರಡು ದಿನದಲ್ಲಿ ಬೀದಿಯನ್ನು ತಲುಪಿತು. ಬೀದಿಯವರೆಲ್ಲ ಸರ್ವೆ ಸಾಹೇಬರನ್ನು ಹೊಸ ಕಣ್ಣಿನಿಂದ ನೋಡತೊಡಗಿದರು. ಅದರಲ್ಲೂ ಕೆಳಗಿನ ಮನೆಯ ಮಾಲೀಕರು. ಅವರು ನಿವೃತ್ತ ಹೆಡ್‌ಮಾಸ್ಟರು, ಯಾವುದನ್ನೂ ಎರಡು ಸಲ ಓದದೆ ಸಹಿ ಹಾಕದವರು. ಬೆಳಿಗ್ಗೆ ಹಿತ್ತಲಿಗೆ ಹೋದವರ ಕಣ್ಣಿಗೆ ಬಯಲಿನ ಅಂಚಿನಲ್ಲಿ, ತಮ್ಮದೇ ಬೇಲಿಯ ಪಕ್ಕ, ಕೆಂಪು ತಲೆಯ ನಂಬರಿನ ಗೂಟ ಬಿತ್ತು. ಪಕ್ಕದಲ್ಲಿ ಬೀನ್ಸ್ ಬಳ್ಳಿಯೂ ಇತ್ತು, ಆದರೆ ಇನ್ನೂ ಗೇಣುದ್ದ. ಹೆಡ್‌ಮಾಸ್ಟರ ಕಣ್ಣು ಬಳ್ಳಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅವರು ಮೆಟ್ಟಿಲು ಹತ್ತಿ ಮೇಲೆ ಬಂದರು. ಬಾಡಿಗೆ ಕೇಳುವುದಕ್ಕೂ ಅವರು ಮೆಟ್ಟಿಲು ಹತ್ತಿದವರಲ್ಲ, ಕೆಳಗಿನಿಂದಲೇ ಕೆಮ್ಮುತ್ತಿದ್ದರು.

"ಸಾಹೇಬ್ರೇ, ಹಿತ್ತಲಲ್ಲಿ ಒಂದು ಗೂಟ ಇದೆ."

"ಇದೆ ಸರ್."

"ಅದು ಆಫೀಸಿಂದೇ ಅಲ್ವಾ?"

"ಆಫೀಸಿಂದೇ."

"ಅಂದ್ರೆ... ಘಟಕ ಈ ಬಯಲಿಗೆ?"

ಇಲ್ಲಿ ಒಂದು ನಿಜ ಹೇಳಿದ್ದರೆ ಕಥೆ ಮುಗಿಯುತ್ತಿತ್ತು. ಬಳ್ಳಿಗೆ ತಂದ ಗೂಟ ಸರ್ ಅಂದಿದ್ದರೆ ಸಾಕಿತ್ತು. ಆದರೆ ಸರ್ಕಾರಿ ಗೂಟ ಬಳ್ಳಿಗೆ ಹೇಗೆ ಬಂತು ಎಂದು ಹೆಡ್‌ಮಾಸ್ಟರು ಕೇಳುತ್ತಿದ್ದರು. ಅಲ್ಲಿಂದ ಕೋಲಿಗೆ, ಕೋಲಿನಿಂದ ಕೋಲಣ್ಣನಿಗೆ ದಾರಿ ಬಹಳ ಹತ್ತಿರ. ಆದ್ದರಿಂದ ಅವನು ಕಚೇರಿಯಲ್ಲಿ ಮೇಲಿನವರು ದಿನವೂ ಬಳಸುವ ಮಾತೊಂದನ್ನು ಎರವಲು ತಂದ.

"ಪರಿಶೀಲನೆಯಲ್ಲಿದೆ ಸರ್."

ಹೆಡ್‌ಮಾಸ್ಟರ ಮುಖ ಬಿಳುಪೇರಿತು. "ನೋಡಿ ಸಾಹೇಬ್ರೇ, ಮುಚ್ಚುಮರೆ ಇಲ್ದೆ ಹೇಳಿಬಿಡ್ತೀನಿ. ಹಿಂದಿನ ಬಯಲಿಗೆ ಅದು ಬಂತೋ, ನಾನು ಈ ಮನೆ ಮಾರಿಬಿಡ್ತೀನಿ. ನೀವೂ ಬೇರೆ ಮನೆ ನೋಡ್ಕೋಬೇಕಾಗುತ್ತೆ. ಇಷ್ಟು ವರ್ಷ ನಿಮ್ಮ ಬಾಡಿಗೆ ಏರಿಸಿದೀನಾ? ಇಡೀ ಬೀದೀಲಿ ದಿನಪೂರ್ತಿ ನೀರು ಬರೋ ನಲ್ಲಿ ಯಾರ ಮನೇಲಿದೆ? ಯೋಚನೆ ಮಾಡಿ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಈ ಮನೆಗೆ ಬರುವ ಮುಂಚೆ ಅವಳು ಮೂರು ಮನೆ ಬದಲಾಯಿಸಿದ್ದಳು. ಒಂದರಲ್ಲಿ ಕಿಟಕಿ ಇರಲಿಲ್ಲ, ಒಂದರಲ್ಲಿ ನೀರು ಇರಲಿಲ್ಲ, ಇನ್ನೊಂದರಲ್ಲಿ ಮಾಲೀಕರ ತಾಯಿ ಇದ್ದರು. ಹೆಡ್‌ಮಾಸ್ಟರು ಇಳಿದುಹೋದ ಮೇಲೆ ಅವಳು ಕೇಳಿದಳು, "ರೀ, ನಿಜ ಹೇಳಿ. ಅದನ್ನ ತೀರ್ಮಾನ ಮಾಡೋದು ನೀವೇನಾ?"

"ಹೆಚ್ಚೂಕಮ್ಮಿ."

"ಹೆಚ್ಚೋ, ಕಮ್ಮಿಯೋ?"

ಅವನು ಸ್ನಾನಕ್ಕೆ ಹೋದ.

ಮುಂದಿನ ವಾರಗಳು ಅವನ ಜೀವನದ ಅತ್ಯಂತ ಸೊಗಸಾದ ವಾರಗಳು. ಬರುವ ಮಳೆಗಾಲಕ್ಕೆ ಎಂದು ಎಷ್ಟೋ ಮಳೆಗಾಲಗಳಿಂದ ಮುಂದೂಡಿದ್ದ ಛಾವಣಿಯ ಸೋರಿಕೆಯನ್ನು ಹೆಡ್‌ಮಾಸ್ಟರು ತಾವೇ ನಿಂತು ರಿಪೇರಿ ಮಾಡಿಸಿದರು. ಕ್ಷೌರಿಕ ಅವನಿಗಾಗಿ ಹೊಸ ಟವಲ್ ಬಿಚ್ಚಿದ. ಮೂಲೆಯ ದರ್ಜಿ ಅಳತೆ ತೆಗೆದುಕೊಂಡು, "ಒಂದು ಒಳ್ಳೆ ಶರ್ಟ್ ಹೊಲಿದುಕೊಡ್ತೀನಿ ಸಾಹೇಬ್ರೇ, ಬೀದಿಯವರ ಪ್ರೀತಿ ಅಂದ್ಕೊಳ್ಳಿ. ಬಯಲಿನ ವಿಷಯ ಏನಾಯ್ತು?" ಅಂದ.

"ಪರಿಶೀಲನೆಯಲ್ಲಿದೆ."

"ಹಾಗಾದ್ರೆ ಸದ್ಯಕ್ಕೆ ಒಂದು ತೋಳು ಹಚ್ಚಿರ್ತೀನಿ. ಇನ್ನೊಂದು ತೀರ್ಮಾನ ಆದ್ಮೇಲೆ."

ಹೆಡ್‌ಮಾಸ್ಟರು ದಿನವೂ ಬೆಳಿಗ್ಗೆ ಹಿತ್ತಲಿಗೆ ಹೋಗಿ ಗೂಟ ಇದ್ದಲ್ಲೇ ಇದೆಯೇ ಎಂದು ನೋಡಿ ಬರುತ್ತಿದ್ದರು. ಕಿತ್ತುಹಾಕಲು ಕೈ ತುರಿಸುತ್ತಿತ್ತು. ಆದರೆ ಸರ್ಕಾರಿ ಸ್ವತ್ತು ಮುಟ್ಟುವುದು ಅಪರಾಧ ಎಂದು ಅವರೇ ಮಕ್ಕಳಿಗೆ ಪಾಠ ಮಾಡಿದ್ದರು. ಬಳ್ಳಿ ಮಾತ್ರ ಯಾರಿಗೂ ಹೆದರದೆ ಗೂಟವನ್ನು ಸುತ್ತಿಕೊಂಡು ಮೇಲೇರುತ್ತಿತ್ತು.

*

ಆಮೇಲೆ ಒಂದು ದಿನ ನಗರಸಭೆಯ ಬೋರ್ಡಿನ ಮೇಲೆ ಕಾಗದ ಅಂಟಿಸಿದರು. ಕಂದಾಯ ಕಟ್ಟಲು ಹೋಗಿದ್ದ ದರ್ಜಿ ಅದನ್ನು ಓದಿ, ಕಂದಾಯ ಕಟ್ಟುವುದನ್ನೂ ಮರೆತು ಓಡಿಬಂದ. ಘಟಕಕ್ಕೆ ಗೊತ್ತು ಮಾಡಿದ ಜಾಗ ಕೊನೆಯ ಬೀದಿಯ ಹಿಂದಿನ ಬಯಲು. ಆಕ್ಷೇಪಣೆ ಇದ್ದವರು ಶಾಲೆಯ ಸಭಾಂಗಣದಲ್ಲಿ ನಡೆಯುವ ಸಭೆಗೆ ಬಂದು ಹೇಳಬಹುದು.

ಕೋಲಣ್ಣನಿಗೆ ಇದು ಗೊತ್ತಾದದ್ದು ಬೀದಿಗೆ ಕಾಲಿಟ್ಟಾಗ. ಅವನಿಗೆ ಎದುರಾದ ಮೊದಲ ಮುಖ ಕ್ಷೌರಿಕನದು, ಅದು ಮಾತಾಡಲಿಲ್ಲ. ಎರಡನೆಯದು ದರ್ಜಿಯದು, ಅದು ಮಾತಾಡಿತು.

"ಒಂದು ತೋಳಿನ ಶರ್ಟ್ ಬೇಕಿದ್ರೆ ತಗೊಂಡೋಗಿ ಸಾಹೇಬ್ರೇ. ಇನ್ನೊಂದು ಹೊಲಿಯೋಷ್ಟು ಕೈ ಬರ್ತಿಲ್ಲ ನಂಗೆ."

ಹೆಡ್‌ಮಾಸ್ಟರು ಗೇಟಿನಲ್ಲೇ ನಿಂತಿದ್ದರು. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಛಾವಣಿ ನಿಮಗೋಸ್ಕರ ರಿಪೇರಿ ಮಾಡಿಸಿದೆ," ಎಂದಷ್ಟೇ ಹೇಳಿದರು. "ಈಗ ಮನೆ ಕೊಳ್ಳೋಕೆ ಬರೋರಿಗೆ ಅನುಕೂಲ ಆಯ್ತು. ತಿಂಗಳ ಕೊನೆಯೊಳಗೆ ಮನೆ ನೋಡ್ಕೊಳ್ಳಿ."

ಅವನು ಮರುದಿನ ಮೇಡಂ ಹತ್ತಿರ ಹೋಗಿ ತಲೆ ಕೆರೆದುಕೊಂಡ. "ಮೇಡಂ, ಆ ಭಟ್ಟಿ ಹಳ್ಳ ನೋಡೋಕೆ ಎಷ್ಟು ತಗ್ಗಾಗಿದೆಯಲ್ಲ?"

"ನಂಗೂ ಆಶ್ಚರ್ಯವೇ ಕೋಲಣ್ಣಾ. ಹಳ್ಳವೇ ತಗ್ಗು ಬರುತ್ತೆ ಅಂದ್ಕೊಂಡಿದ್ದೆ. ಆದ್ರೆ ಕಣ್ಣಿಗೆ ಕಂಡದ್ದನ್ನ ನಂಬೋಕಾಗಲ್ಲ, ಕೋಲು ಹೇಳಿದ್ದನ್ನ ನಂಬಬೇಕು. ಕೋಲು ಸುಳ್ಳು ಹೇಳುತ್ತಾ?"

ಕೋಲು ಸುಳ್ಳು ಹೇಳುವುದಿಲ್ಲ ಎಂದು ಅವನೂ ಒಪ್ಪಿಕೊಂಡ. ಅವನ ತಲೆಯಲ್ಲಿ ಕೋಲು ಒಂದು ಕಡೆ ಇತ್ತು, ಕ್ಯಾರಿಯರ್ ಇನ್ನೊಂದು ಕಡೆ ಇತ್ತು. ಇವೆರಡಕ್ಕೂ ಸಂಬಂಧ ಕಲ್ಪಿಸುವ ಆಲೋಚನೆ ಆ ತಲೆಗೆ ಇನ್ನೂ ಬಂದು ತಲುಪಿರಲಿಲ್ಲ.

ಊರಿನಲ್ಲಿ ಸಂತೋಷಪಟ್ಟ ಒಬ್ಬನೇ ಒಬ್ಬ ಮನುಷ್ಯನೆಂದರೆ ಷಡ್ಡಕ. ಅವನು ಸಿಹಿ ಪೊಟ್ಟಣ ಹಿಡಿದು ಮಹಡಿ ಹತ್ತಿದ. "ಭಲೇ ತಮ್ಮಾ! ನೀನು ಅವತ್ತು ಹೇಳಿದ್ದು ನಿಜಾನೇ ಆಯ್ತು. ಬೋರ್ಡ್ ನೋಡಿದ ದಿನವೇ ಭಟ್ಟಿ ಹಳ್ಳ ನನ್ನ ಹೆಸರಿಗೆ ಮಾಡಿಸ್ಕೊಂಡೆ. ಇಂಥ ಒಳಗಿನ ಮಾತು ಹೇಳೋ ಜನ ಮನೇಲೇ ಇರ್ಬೇಕು."

"ಭಾವ, ನಮ್ಮ ಮನೇನೇ ಹೋಗ್ತಿದೆ," ಎಂದಳು ಹೆಂಡತಿ.

"ಹೋದ್ರೆ ಹೋಗ್ಲಿ ಬಿಡಮ್ಮಾ. ಬೇರೆ ಮನೆ ಹಿಡೀರಿ, ಟೈಲ್ಸ್ ನಾನು ಹಾಕಿಸ್ತೀನಿ."

ಬಾಡಿಗೆ ಮನೆಗೆ ಟೈಲ್ಸ್ ಹಾಕಿಸಿ ತಾವೇನು ಮಾಡಬೇಕೆಂದು ಅವಳು ಕೇಳಲಿಲ್ಲ. ಸಿಹಿಯನ್ನೂ ಮುಟ್ಟಲಿಲ್ಲ.

*

ಸಭೆಯ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ಟರು, ಎರಡು ಸಲ ಓದಿ ಸಹಿ ಹಾಕಿದ ಆಕ್ಷೇಪಣೆಯೊಂದಿಗೆ. ಇನ್ನೊಂದು ಬದಿಗೆ ಷಡ್ಡಕ, ಅವನ ಹೆಂಡತಿ, ಜೊತೆಗೆ ಅತ್ತೆ. ಕಿರಿಯ ಅಳಿಯ ಊರಿಗೇ ತೀರ್ಪು ಹೇಳುವುದನ್ನು ನೋಡಲು ಅತ್ತೆ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದರು. ತೀರ್ಪು ಹೇಳಬೇಕಾದವನು ವೇದಿಕೆಯ ಮೂಲೆಯಲ್ಲಿ ನಕ್ಷೆಯ ಬಟ್ಟೆಯ ಒಂದು ತುದಿ ಹಿಡಿದು ನಿಂತಿದ್ದ. ಇನ್ನೊಂದು ತುದಿಗೆ ಮೊಳೆ ಇತ್ತು.

"ಅಳಿಯಂದ್ರು ಯಾವಾಗ ಮಾತಾಡೋದು?" ಎಂದು ಅತ್ತೆ ಕಿರಿಯ ಮಗಳನ್ನು ಕೇಳಿದರು. ಅವಳು ಊಟದ ಹೊತ್ತು ಮೀರುತ್ತದೆಂದು ಗಂಡನಿಗೆ ತಂದಿದ್ದ ಕ್ಯಾರಿಯರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದರು. ಎರಡು ಜಾಗದಲ್ಲೂ ಗಾಳಿ ಊರಿನಿಂದ ಆಚೆಗೇ ಬೀಸುತ್ತದೆ, ಎರಡೂ ಕಡೆ ನೆಲ ಸಾಕಷ್ಟಿದೆ, ವ್ಯತ್ಯಾಸ ಇರುವುದು ಎತ್ತರದಲ್ಲಿ ಮಾತ್ರ. ಹೆಡ್‌ಮಾಸ್ಟರು ಎದ್ದು ನಿಂತರು.

"ಎಷ್ಟು ವ್ಯತ್ಯಾಸ ಮೇಡಂ? ಒಂದು ಬೀದಿಯ ಜನರ ನೆಮ್ಮದಿ ಕೆಡಿಸೋಷ್ಟು ವ್ಯತ್ಯಾಸ ಎಷ್ಟು ಅಂತ ತೋರಿಸಿ."

"ಜಾಸ್ತಿ ಏನಿಲ್ಲ ಸರ್. ನಮ್ಮೂರು ಅಂಗೈ ಥರ ಮಟ್ಟ. ಹಳ್ಳದ ನಡುವೆ ನಮ್ಮ ಲೆಕ್ಕಕ್ಕೆ ಬಯಲಿಗಿಂತ ಇಷ್ಟೇ ಇಷ್ಟು ಎತ್ತರ ಬಂತು. ಆದ್ರೆ ನೀರಿಗೆ ಇಷ್ಟು ಸಾಕು." ಮೇಡಂ ಎರಡು ಕೈ ಎತ್ತಿ, ಒಂದು ಅಂಗೈಯನ್ನು ಮೇಲೆ, ಇನ್ನೊಂದನ್ನು ಕೆಳಗೆ ಹಿಡಿದು ತೋರಿಸಿದರು.

ಹೆಂಡತಿ ಮೇಡಂ ಕೈಗಳನ್ನು ನೋಡಿದಳು. ತೊಡೆಯ ಮೇಲಿನ ಕ್ಯಾರಿಯರನ್ನು ನೋಡಿದಳು. ಅದರ ತಳಕ್ಕೆ ಬೆರಳಾಡಿಸಿ ಚೌಕಾಕಾರದ ತಗ್ಗನ್ನು ಮುಟ್ಟಿದಳು. ಆಮೇಲೆ ವೇದಿಕೆಯ ಮೂಲೆಯಲ್ಲಿ ಬಟ್ಟೆಯ ತುದಿ ಹಿಡಿದು ನಿಂತಿದ್ದ ಗಂಡನನ್ನು ನೋಡಿದಳು. ಆ ನೋಟ ಬಹಳ ಹೊತ್ತು ಅಲ್ಲೇ ನಿಂತಿತು.

ಗಂಡನಿಗೆ ಮೊದಲು ನೋಟ ಅರ್ಥವಾಗಲಿಲ್ಲ. ಊಟಕ್ಕೆ ಕರೆಯುತ್ತಿದ್ದಾಳೆ ಅಂದುಕೊಂಡ. ಅವಳು ಒಳಗಿನ ಸಾರನ್ನೂ ಲೆಕ್ಕಿಸದೆ ಕ್ಯಾರಿಯರನ್ನು ಎತ್ತಿ, ತಲೆಕೆಳಗು ಮಾಡಿ ಹಿಡಿದಳು. ಅವನ ಕೈಯಿಂದ ನಕ್ಷೆ ಜಾರಿತು. ಇಡೀ ಊರು ಸುರುಳಿ ಸುತ್ತಿಕೊಂಡು ಮೊಳೆಗೆ ನೇತುಬಿತ್ತು.

"ಏನಾಯ್ತು ಕೋಲಣ್ಣಾ?" ಎಂದರು ಮೇಡಂ.

ಸಭೆಯಲ್ಲಿ ಗುಜುಗುಜು ಎದ್ದಿತು. "ಕೋಲಣ್ಣ ಅಂದ್ರೆ ಯಾರು?" ಎಂದು ದರ್ಜಿ ಪಕ್ಕದವನನ್ನು ಕೇಳಿದ. ಎರಡು ಹೆಸರುಗಳು ಕೊನೆಗೂ ಎದುರುಬದುರಾಗಿದ್ದವು.

ಅವನು ಒಂದು ಕಡೆ ನೋಡಿದ. ಅತ್ತೆ, ಷಡ್ಡಕ, ಒಳ್ಳೆಯ ಸೀರೆ. ಇನ್ನೊಂದು ಕಡೆ ನೋಡಿದ. ಹೆಂಡತಿ, ದಿನಪೂರ್ತಿ ನೀರು ಬರುವ ನಲ್ಲಿ.

"ಮೇಡಂ, ಮರುಪರಿಶೀಲನೆ ಅಗತ್ಯ ಇದೆ ಅಂತ ನನ್ನ ಅಭಿಪ್ರಾಯ," ಎಂದು ಕೊನೆಯ ಸಲ ಸಾಹೇಬನಾಗಲು ನೋಡಿದ.

"ಯಾಕೆ? ಕಾರಣ?"

ಅವನು ವೇದಿಕೆ ಇಳಿದು ಹೋಗಿ, ಹೆಂಡತಿಯ ಕೈಯಿಂದ ಕ್ಯಾರಿಯರ್ ತೆಗೆದುಕೊಂಡು ಬಂದು, ಮೇಡಂ ಮುಂದಿನ ಮೇಜಿನ ಮೇಲೆ ಇಟ್ಟ. "ಹಳ್ಳ ಇಷ್ಟು ಕಮ್ಮಿ ಇದೆ ಮೇಡಂ."

"ಅಂದ್ರೆ?"

"ಅವತ್ತು ನಡುವೆ ಕೋಲಿಟ್ಟಿದ್ದು ಇದರ ಮೇಲೆ."

ಮೇಡಂ ಕ್ಯಾರಿಯರಿನ ಪಕ್ಕಕ್ಕೆ ಮತ್ತೆ ಅದೇ ಅಂತರದಲ್ಲಿ ಅಂಗೈ ಹಿಡಿದರು. ಕ್ಯಾರಿಯರೇ ನಾಲ್ಕು ಬೆರಳು ಹೆಚ್ಚು ಬಂತು. ಅವರ ಮುಖ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ಹೋಯಿತು. "ಅಯ್ಯೋ, ಊಟದ ಡಬ್ಬಿ ಮೇಲೆ ನಿಂತು ಜಾಗ ಗೊತ್ತು ಮಾಡಿದೀವಾ ನಾವು? ಗೂಟ ಲೆಕ್ಕ ಮಾಡಿ ಕೊಟ್ಟಿದ್ನಲ್ರೀ! ಆ ಗೂಟ ಏನಾಯ್ತು?"

"ಅದು... ಬೀನ್ಸ್ ಬಳ್ಳಿಗೆ ಮೇಡಂ."

ಹೆಡ್‌ಮಾಸ್ಟರು ಕೂತಲ್ಲಿಂದ ಚಿಮ್ಮಿದರು. "ಬಳ್ಳಿಗಾ! ಆ ಗೂಟ ಬಳ್ಳಿಗಾ! ದಿನಾ ಬೆಳಿಗ್ಗೆ ಎದ್ದು ಅದರ ಮುಖ ನೋಡಿದೀನಲ್ರೀ ನಾನು! ಅದಕ್ಕೆ ಹೆದರಿ ಛಾವಣಿ ರಿಪೇರಿ ಮಾಡಿಸಿದೆ!"

ಆಮೇಲೆ ಯಾರೋ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು, ಅಲ್ಲಿಂದ ನಗು ಮುಂದಕ್ಕೆ ಉರುಳಿಕೊಂಡು ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವನು ಷಡ್ಡಕ. ಹೊಟ್ಟೆ ಹಿಡಿದುಕೊಂಡು, ಮಕ್ಕಳ ಬೆಂಚನ್ನು ಕುಟ್ಟಿ, ಕಣ್ಣೊರೆಸಿಕೊಂಡು ನಕ್ಕ. "ನೋಡಿದ್ರಾ ಅತ್ತೆ, ನಿಮ್ಮ ಸಾಹೇಬ್ರನ್ನ! ಕೋಲು ಹಿಡಿಯೋನು! ಅದೂ ಕ್ಯಾರಿಯರ್ ಮೇಲೆ! ಅಯ್ಯಯ್ಯೋ, ನಗಿಸಿ ನಗಿಸಿ ಕೊಲ್ತಾನಲ್ಲಪ್ಪಾ, ಕ್ಯಾರಿಯರ್ ತೆಗೆದ್ರೆ ಹಳ್ಳವೇ ತಗ್ಗು, ಘಟಕ ಹಳ್ಳಕ್ಕೇ..."

ಅವನ ಹೆಂಡತಿ ಮೊಣಕೈಯಿಂದ ತಿವಿದಳು. "ರೀ. ಆ ಹಳ್ಳ ನಮ್ದು."

ಷಡ್ಡಕನ ಬಾಯಿ ತೆರೆದೇ ಇತ್ತು. ನಗು ಮಾತ್ರ ಅದರಿಂದ ಎದ್ದು ಹೊರಟುಹೋಯಿತು.

*

ಆ ಮಧ್ಯಾಹ್ನವೇ ಮರು ಅಳತೆ ನಡೆಯಿತು. ಗೂಟವನ್ನು ಹೆಡ್‌ಮಾಸ್ಟರು ತಾವೇ ಕಿತ್ತರು. ಬಳ್ಳಿ ಬಿಡಲೊಲ್ಲದೆ ಜೊತೆಗೇ ಬಂತು. ಬೀನ್ಸ್ ಜೋತಾಡುವ ಗೂಟವನ್ನು ಎತ್ತಿ ಹಿಡಿದು ಹೆಡ್‌ಮಾಸ್ಟರು ಮುಂದೆ, ಅವರ ಹಿಂದೆ ದರ್ಜಿ, ಕ್ಷೌರಿಕ, ಇಡೀ ಬೀದಿ. ಹಳ್ಳದ ದಡದಲ್ಲಿ ಹೆಂಡತಿ ಕಾಯಿಗಳನ್ನು ಬಿಡಿಸಿ ಸೆರಗಿಗೆ ಹಾಕಿಕೊಂಡಳು, ನಷ್ಟವಾಗಬಾರದಲ್ಲ.

ಕೋಲಣ್ಣ ಮೊಣಕಾಲುಮಟ್ಟದ ಕೆಸರಿಗೆ ಇಳಿದ. ಈ ಸಲ ಮೇಡಂ ಅವನ ಮಾತು ನಂಬದೆ ಜೊಂಡನ್ನು ಮೊದಲೇ ಕೊಯ್ಯಿಸಿದ್ದರು. ಗೂಟ ಕೆಸರಿನಡಿ ಗಟ್ಟಿ ನೆಲ ಸಿಗುವ ತನಕ ಇಳಿಯಿತು, ಕೆಂಪು ತಲೆ ನೆಲಮಟ್ಟಕ್ಕೆ ಬಂತು, ಕೋಲು ಅದರ ಮೇಲೆ ನಿಂತಿತು. ಮೇಡಂ ಒಂದು ಕಣ್ಣು ಮುಚ್ಚಿ ನೋಡಿದರು. ದಡದಲ್ಲಿ ನಿಂತಿದ್ದ ಬೀದಿಯೆಲ್ಲ ಒಂದು ಕಣ್ಣು ಮುಚ್ಚಿತು.

"ಹಳ್ಳವೇ ತಗ್ಗು," ಎಂದರು ಮೇಡಂ.

ಬೀದಿ ಹೋ ಎಂದು ಕೂಗಿತು. ಷಡ್ಡಕ ತನ್ನ ಹಳ್ಳದ ದಡದಲ್ಲಿ ನಿಂತು, ತುಂಬಿಸಲೆಂದು ತರಿಸಿದ್ದ ಮಣ್ಣಿನ ಕಡೆಗೊಮ್ಮೆ, ಕೋಲಣ್ಣನ ಕಡೆಗೊಮ್ಮೆ ನೋಡಿದ. ಹೆಡ್‌ಮಾಸ್ಟರು ಕೆಸರಿನ ಅಂಚಿನವರೆಗೆ ಬಂದು ಕೈಚಾಚಿ ಬಾಡಿಗೆದಾರನನ್ನು ಮೇಲಕ್ಕೆ ಎಳೆದುಕೊಂಡರು. "ಮನೆ ಬಿಡೋದೇನೂ ಬೇಡ. ಆದ್ರೆ ಬಾಡಿಗೆ ವಿಷಯ ಪರಿಶೀಲನೆಯಲ್ಲಿದೆ," ಎಂದರು.

ದರ್ಜಿ ಆ ಸಂಜೆಯೇ ಇನ್ನೊಂದು ತೋಳು ಹಚ್ಚಿಕೊಟ್ಟ. ಅವಸರದಲ್ಲಿ ಅದು ಮೊದಲಿನದಕ್ಕಿಂತ ಕೊಂಚ ಗಿಡ್ಡವಾಯಿತು, ಆದರೆ ಈ ಕಥೆಯಲ್ಲಿ ಅಳತೆಯ ಬಗ್ಗೆ ದೂರುವ ಹಕ್ಕು ನಮ್ಮವನಿಗೆ ಉಳಿದಿರಲಿಲ್ಲ. ಮೇಡಂ ಅವನಿಗೆ ಒಂದು ನೋಟಿಸು ಕೊಟ್ಟರು, ಜೊತೆಗೆ ಕೋಲಿನಡಿ ಇಡಲು ಒಂದು ಕಬ್ಬಿಣದ ತಟ್ಟೆಯನ್ನೂ ಕೊಟ್ಟರು. ಯಾವ ಬಳ್ಳಿಗೂ ಉಪಯೋಗವಾಗದಂಥ ತಟ್ಟೆ. ಬೀದಿಯವರು ಅಂದಿನಿಂದ ಅವನನ್ನು ಕೋಲಣ್ಣ ಎಂದೇ ಕರೆದರು. ಎರಡನೇ ಉದ್ಯೋಗ ತಪ್ಪಿತು. ಮೊದಮೊದಲು ಕೈ ಖಾಲಿಯಾದಂತೆ ಅನಿಸಿದರೂ ಆಮೇಲೆ ನಿದ್ದೆ ಚೆನ್ನಾಗಿ ಬರತೊಡಗಿತು.

ಹಳ್ಳವನ್ನು ನಗರಸಭೆ ತನ್ನ ನಿಧಾನದಲ್ಲಿ, ತನ್ನ ದರದಲ್ಲಿ ವಶಪಡಿಸಿಕೊಂಡಿತು. ಷಡ್ಡಕರಿಬ್ಬರಲ್ಲಿ ಒಬ್ಬರಿದ್ದಾಗ ಇನ್ನೊಬ್ಬರು ಕೆಲವು ಭಾನುವಾರ ಅತ್ತೆಯ ಮನೆಗೆ ಹೋಗಲಿಲ್ಲ. ಆಮೇಲೆ ಅತ್ತೆಯೇ ಇಬ್ಬರನ್ನೂ ಒಂದೇ ದಿನ ಕರೆಸಿ, ಒಂದೇ ಸಾಲಿನಲ್ಲಿ ಕೂರಿಸಿ, ಒಂದೇ ಸೌಟಿನಿಂದ ಸಮಸಮವಾಗಿ ಬಡಿಸಿದರು. ಅಂದು ಅವರ ಹಳೆಯ ಗೆಳತಿಯೊಬ್ಬರು ಮನೆಗೆ ಬಂದಿದ್ದರು. ತಲೆ ತಗ್ಗಿಸಿ ಮಾತಿಲ್ಲದೆ ಉಣ್ಣುತ್ತಿದ್ದ ಇಬ್ಬರನ್ನೂ ನೋಡಿ, "ನಿಮ್ಮ ಅಳಿಯಂದ್ರು ಏನ್ ಕೆಲಸ ಮಾಡ್ತಾರೆ?" ಎಂದು ಕೇಳಿದರು.

"ಇಬ್ರೂ ಊರಿನ ಕೊಳಚೆ ನೀರಿನ ಕೆಲಸದಲ್ಲೇ ಇದಾರೆ," ಅಂದರು ಅತ್ತೆ. "ಕಿರಿಯವರು ಜಾಗ ತೋರಿಸಿದ್ರು, ಹಿರಿಯವರು ಜಾಗ ಕೊಟ್ರು."